ನೊಗ ಇಳಿಸುವ ದಿನ

ಸದ್ಭಕ್ತರೇ, ನಮ್ಮ ನಾಡಿನ ಅನೇಕ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಹೊಲ ಹದಕ್ಕೆ ಬಂದಿದ್ದರೂ ಹಿರಿಯರು ಅಂದು ಎತ್ತು ಹೂಡುತ್ತಿರಲಿಲ್ಲ. ಮೂಕಪ್ರಾಣಿಗೆ ಕೊಟ್ಟ ಈ ಬಿಡುವನ್ನು ನಮ್ಮ ದೇಹಕ್ಕೆ ಕೊಡುತ್ತೇವೆಯೇ?

ಜಾತ್ರೆಯ ಕುಸ್ತಿ ಹತ್ತಿರ ಬಂದಿತೆಂದರೆ ಊರ ಹುಡುಗರು ಗರಡಿಯಲ್ಲಿ ದಿನದಿನಕ್ಕೂ ದಂಡ, ಬೈಠಕ್ ಏರಿಸುತ್ತ ಹೋಗುತ್ತಾರೆ. ಸಾಮು ಮಾಡುವಾಗಲೇ ಮೈ ಬೆಳೆಯುತ್ತದೆಂಬುದು ಅವರ ಎಣಿಕೆ. ವಾಸ್ತವವಾಗಿ ಆಗ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಬಿರುಕುಗಳಾಗುತ್ತವೆ. ಅವು ಕೂಡಿಕೊಂಡು ಬಲಿಯುವುದು ವಿಶ್ರಾಂತಿಯಲ್ಲಿ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದೂ ಗಾಢ ನಿದ್ರೆಯಲ್ಲಿಯೇ. ಆದ್ದರಿಂದ ಒಂದೇ ಅಂಗಕ್ಕೆ ಭಾರಿ ಸಾಮು ಕೊಟ್ಟ ಮೇಲೆ ಸುಮಾರು 48 ತಾಸು ಬಿಡುವು ಬೇಕು. ರಾತ್ರಿ 7 ತಾಸಿಗೆ ಕಡಿಮೆಯಿಲ್ಲದ ನಿದ್ದೆ ಬೇಕು. ವಯಸ್ಸಾದವರಿಗೆ ಬಿಡುವು ಇನ್ನೂ ತುಸು ಹೆಚ್ಚೇ ಇರಲಿ. ಹಾಗೆಂದು ದಿನವಿಡೀ ಕಟ್ಟೆಗೆ ಅಂಟಿಕೊಳ್ಳಬೇಕಿಲ್ಲ, ಹೊಲದ ಬದುವಿನ ಮೇಲೆ ನಿಧಾನವಾಗಿ ಅಡ್ಡಾಡಬಹುದು.

ಒಂದು ಮಾತನ್ನು ಮನೆಯ ಹಿರಿಯರು ಮರೆಯಬಾರದು. ಮಿತಿಮೀರಿ ಸಾಮು ಮಾಡಿದ ಹುಡುಗನ ಮೈ ವಿಪರೀತ ನೋಯುತ್ತ, ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದರೆ, ಉಷ್ಣವಾಗಿದೆಯೆಂದು ಎಳನೀರು ಕುಡಿಸುತ್ತ ಕೂಡ್ರಬೇಡಿ. ಒಡೆದ ಸ್ನಾಯುವಿನಿಂದ ರಕ್ತಕ್ಕೆ ಸೇರಿದ ಅಂಶ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಆ ಸಲದ ಕುಸ್ತಿ ತಪ್ಪಿದರೂ ಚಿಂತೆಯಿಲ್ಲ.