ಹೊಸ ಸಂಗಾತಿಯೊಡನೆ ಬಾಳು: ಜೀವನಾಂಶ ನಿಲ್ಲುವುದೇ?

ವಿಚ್ಛೇದನದ ಡಿಕ್ರಿ ಕೈಗೆ ಬಂದೊಡನೆ ದಂಪತಿಗಳ ನಡುವಿನ ಲೆಕ್ಕ ಮುಗಿಯುವುದಿಲ್ಲ. ತಿಂಗಳು ತಿಂಗಳೂ ಸಲ್ಲಬೇಕಾದ ಜೀವನಾಂಶ ಉಳಿದಿರುತ್ತದೆ. ಆ ನಡುವೆ ಜೀವನಾಂಶ ಪಡೆಯುವ ಮಹಿಳೆ ಮತ್ತೊಬ್ಬರೊಡನೆ ಬಾಳತೊಡಗಿದರೆ ಮಾಜಿ ಪತಿಯ ಹೊಣೆ ಅಲ್ಲಿಗೆ ಮುಗಿಯಿತೆ? ಮುಗಿಯಿತೆಂದೇ ಬಹಳ ಮಂದಿಯ ನಂಬಿಕೆ. ಕಾನೂನು ಹಾಗೆ ಹೇಳುವುದಿಲ್ಲ. ಎಂದಿಗೂ ಮುಗಿಯದೆಂದೂ ಹೇಳುವುದಿಲ್ಲ. ಯಾವ ಕಾಯ್ದೆಯಡಿ ಆದೇಶವಾಗಿದೆ, ಹೊಸ ಸಂಬಂಧದ ಸ್ವರೂಪವೇನು, ಅದನ್ನು ರುಜುವಾತುಪಡಿಸಬೇಕಾದವರು ಯಾರು ಎಂಬ ಮೂರು ಪ್ರಶ್ನೆಗಳ ಮೇಲೆ ಉತ್ತರ ನಿಂತಿದೆ.

ಚಿಕ್ಕಮಗಳೂರು ಜಿಲ್ಲೆಯ ನೆರೆಹೊರೆಯ ಮೂರು ತಾಲ್ಲೂಕುಗಳನ್ನಿಟ್ಟುಕೊಂಡು ಒಂದು ಕಲ್ಪಿತ ಉದಾಹರಣೆ ನೋಡೋಣ. ಪತಿ ತರೀಕೆರೆಯ ಅಡಿಕೆ ಬೆಳೆಗಾರ. ವಿಚ್ಛೇದನದ ನಂತರ ಪತ್ನಿ ಅಜ್ಜಂಪುರದ ತವರಿಗೆ ಮರಳಿದ್ದಾಳೆ. ತಿಂಗಳಿಗೆ 6,000 ರೂಪಾಯಿ ಜೀವನಾಂಶದ ಆದೇಶವಾಗಿದೆ. ಕೆಲ ವರ್ಷಗಳ ಬಳಿಕ ಆಕೆ ಕಡೂರಿನಲ್ಲಿ ಬಾಡಿಗೆ ಮನೆ ಹಿಡಿದು, ಮದುವೆಯಾಗದೆಯೇ ಒಬ್ಬರೊಡನೆ ಬಾಳತೊಡಗುತ್ತಾಳೆ. ಸುದ್ದಿ ತಿಳಿದ ಪತಿ ಹಣ ನಿಲ್ಲಿಸುತ್ತಾನೆ. ಇದು ಸರಿಯೇ?

ಎರಡು ಕಾಯ್ದೆ, ಎರಡು ಅಳತೆಗೋಲು

ಜೀವನಾಂಶದ ಆದೇಶ ಸಾಮಾನ್ಯವಾಗಿ ಎರಡು ಮಾರ್ಗಗಳಲ್ಲಿ ಬರುತ್ತದೆ. ಮೊದಲನೆಯದು ಎಲ್ಲ ಧರ್ಮದವರಿಗೂ ಅನ್ವಯಿಸುವ, ಹಿಂದಿನ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಂ. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಜಾರಿಯಲ್ಲಿದೆ. ಇದರ ಪ್ರಕಾರ 'ಪತ್ನಿ' ಎಂದರೆ ವಿಚ್ಛೇದನ ಪಡೆದು ಮರುಮದುವೆಯಾಗದ ಮಹಿಳೆಯೂ ಹೌದು. ಆಕೆ ಮರುಮದುವೆಯಾದರೆ 146ನೇ ಕಲಮಿನಡಿ ಮದುವೆಯ ದಿನದಿಂದಲೇ ಆದೇಶ ರದ್ದಾಗಬೇಕು. ಮದುವೆಯಿಲ್ಲದ ಸಹಜೀವನದ ಬಗ್ಗೆ ಮಾತ್ರ ಇಲ್ಲಿ ನೇರ ಉಲ್ಲೇಖವಿಲ್ಲ.

ಎರಡನೆಯದು 1955ರ ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಡಿ ದೊರೆಯುವ ಶಾಶ್ವತ ಜೀವನಾಂಶ. ಇಲ್ಲಿ ಅಳತೆಗೋಲು ಹೆಚ್ಚು ಕಠಿಣ. ಜೀವನಾಂಶ ಪಡೆಯುವವರು ಮರುಮದುವೆಯಾದರೆ, ಪತ್ನಿಯಾದಲ್ಲಿ ಶೀಲವಂತೆಯಾಗಿ ಉಳಿಯದಿದ್ದರೆ, ಪತಿಯಾದಲ್ಲಿ ವಿವಾಹಬಾಹಿರ ದೈಹಿಕ ಸಂಬಂಧ ಹೊಂದಿದ್ದರೆ, ಇನ್ನೊಂದು ಪಕ್ಷದವರು ನ್ಯಾಯಾಲಯದ ಮೊರೆಹೋಗಬಹುದು. ಆದರೆ 1976ರ ತಿದ್ದುಪಡಿಯನ್ನು ಮರೆಯುವಂತಿಲ್ಲ. ಅದಕ್ಕೆ ಮುನ್ನ ಇಂತಹ ಸಂದರ್ಭದಲ್ಲಿ ಆದೇಶವನ್ನು ರದ್ದುಪಡಿಸಲೇಬೇಕಿತ್ತು. ಈಗ ಬದಲಿಸುವ, ತಗ್ಗಿಸುವ ಅಥವಾ ರದ್ದುಪಡಿಸುವ ವಿವೇಚನೆ ನ್ಯಾಯಾಧೀಶರದು. ಹೊಸ ಸಂಗಾತಿಯಿಂದ ಆಕೆಯ ಜೀವನಕ್ಕೆ ನಿಜವಾದ ಆಸರೆ ದೊರೆತಿದೆಯೇ ಎಂಬುದನ್ನೂ ಈ ವಿವೇಚನೆಯಲ್ಲಿ ಪರಿಗಣಿಸಲು ಅವಕಾಶವಿದೆ.

'ವ್ಯಭಿಚಾರ' ಎಂಬ ಪದದ ತೊಡಕು

144ನೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ: ವ್ಯಭಿಚಾರದಲ್ಲಿ ಜೀವಿಸುತ್ತಿರುವ ಪತ್ನಿಗೆ ಜೀವನಾಂಶದ ಹಕ್ಕಿಲ್ಲ. ಮಾಜಿ ಪತಿಯರು ಹಿಡಿಯುವುದು ಈ ಎಳೆಯನ್ನೇ. ಆದರೆ ದಾಂಪತ್ಯವೇ ಮುಗಿದ ಮೇಲೆ ವ್ಯಭಿಚಾರ ಎಲ್ಲಿಂದ ಬಂತು ಎಂಬುದು ಪ್ರಶ್ನೆ. ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್, ಪರಸ್ಪರ ಒಪ್ಪಿಗೆಯ ವಿಚ್ಛೇದನ ಪಡೆದವರಿಗೂ ಜೀವನಾಂಶ ನಿರಾಕರಿಸಲಾಗದು ಎಂದು 1995ರಲ್ಲಿ ತೀರ್ಪಿತ್ತಿತು. ಪತ್ನಿ ಗಂಡನನ್ನು ತೊರೆದಳೆಂಬ ಕಾರಣಕ್ಕೆ ವಿಚ್ಛೇದನವಾಗಿದ್ದ ಪ್ರಕರಣದಲ್ಲಿಯೂ 2000ದಲ್ಲಿ ಅದೇ ನಿಲುವು ತಳೆಯಿತು. ಈ ನಿರ್ಬಂಧಗಳು ದಾಂಪತ್ಯ ಜಾರಿಯಲ್ಲಿರುವ ಕಾಲಕ್ಕೆ ಸಂಬಂಧಿಸಿದವು ಎಂಬುದು ಆ ತೀರ್ಪಿನ ತಿರುಳು.

ಆದರೂ ವಿವಾದ ಪೂರ್ಣ ತಣಿದಿಲ್ಲ. ವಿಚ್ಛೇದನದ ಬಳಿಕ ಮತ್ತೊಬ್ಬನೊಡನೆ ಸಂಬಂಧದಲ್ಲಿರುವ ಮಹಿಳೆ ಮಾಜಿ ಪತಿಯಿಂದ ಜೀವನಾಂಶ ಕೇಳುವಂತಿಲ್ಲ ಎಂದು ಮದ್ರಾಸ್ ಹೈಕೋರ್ಟ್ 2015ರಲ್ಲಿ ಹೇಳಿತು. ಒಂದೆರಡು ಸಲದ ತಪ್ಪು ಸಾಲದು, ನಿರಂತರ ಸಂಬಂಧವಿರಬೇಕು ಎಂದು ದೆಹಲಿ ಹೈಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ವ್ಯಭಿಚಾರವನ್ನು ಅಪರಾಧದ ಪಟ್ಟಿಯಿಂದ ತೆಗೆದುಹಾಕಿದೆ ನಿಜ. ವಿಚ್ಛೇದನ ಹಾಗೂ ಜೀವನಾಂಶದ ಪ್ರಕರಣಗಳಲ್ಲಿ ಅದಕ್ಕಿರುವ ಮಹತ್ವ ಅಳಿದಿಲ್ಲ.

ರುಜುವಾತಿನ ಹೊಣೆ

ಸಂಬಂಧವಿದೆ ಎನ್ನುವವರೇ ಅದನ್ನು ಸಿದ್ಧಪಡಿಸಬೇಕು. ಊರಿನವರ ಮಾತು ಸಾಕ್ಷ್ಯವಾಗದು. ಒಂದೇ ಮನೆಯ ಬಾಡಿಗೆ ಕರಾರು, ಪಡಿತರ ಚೀಟಿ, ಜಂಟಿ ಬ್ಯಾಂಕ್ ಖಾತೆ, ನೆರೆಯವರ ಪ್ರಮಾಣಿತ ಹೇಳಿಕೆ ಮುಂತಾದವು ಪರಿಗಣನೆಗೆ ಬರುತ್ತವೆ. ಹಾಗೆಂದು ಹೇಗಾದರೂ ಸಾಕ್ಷ್ಯ ಕಲೆಹಾಕಬಹುದೆಂದಲ್ಲ. ದಾಂಪತ್ಯದ ವ್ಯಾಜ್ಯದಲ್ಲಿ ಮೂರನೆಯ ವ್ಯಕ್ತಿಯ ಮೊಬೈಲ್ ಟವರ್ ವಿವರ ತರಿಸುವುದು ಆತನ ಖಾಸಗಿತನದ ಹಕ್ಕಿಗೆ ಧಕ್ಕೆ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ತೀರ್ಪು ನೀಡಿದೆ.

ಕೂಡಿಕೆಯೂ ಮದುವೆಯೇ?

ಹಳೆಯ ಮೈಸೂರು ಸೀಮೆಯ ಹಲವು ಸಮುದಾಯಗಳಲ್ಲಿ ವಿಧವೆಯರು ಹಾಗೂ ಗಂಡನನ್ನು ಬಿಟ್ಟವರ ಮರುಮದುವೆಗೆ ಕೂಡಿಕೆ, ಉಡಿಕೆ, ಸೀರುಡಿಕೆ ಎಂಬ ಹೆಸರಿನ ಸರಳ ಪದ್ಧತಿಗಳಿದ್ದವು. ಹೋಮ, ಸಪ್ತಪದಿ ನಡೆಯದಿದ್ದರೂ ಸಮುದಾಯದ ರೂಢಿಯಂತೆ ನಡೆದ ಮದುವೆಯನ್ನು ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಮಾನ್ಯ ಮಾಡುತ್ತದೆ. ಆದ್ದರಿಂದ 'ನಾವು ಮದುವೆಯಾಗಿಲ್ಲ, ಹಿರಿಯರೆದುರು ಸೀರೆ ಉಡಿಸಿದ್ದಷ್ಟೇ' ಎಂಬ ವಾದ ನಿಲ್ಲದೆ ಹೋಗಬಹುದು. ರೂಢಿ ಸಿದ್ಧವಾದರೆ ಅದೇ ಮರುಮದುವೆ; ಜೀವನಾಂಶಕ್ಕೆ ಅಲ್ಲಿಗೆ ತೆರೆ.

ಎರಡೂ ಕಡೆ ಕೈತಪ್ಪುವ ಅಪಾಯ

ಮಹಿಳೆಯ ಪಾಲಿಗೆ ನಿಜವಾದ ಆತಂಕ ಇಲ್ಲಿದೆ. ಮರುಮದುವೆಯಾದರೆ ಹಳೆಯ ಜೀವನಾಂಶ ಹೋಗುತ್ತದೆ, ಆದರೆ ಹೊಸ ಪತಿಯ ಮೇಲೆ ಹಕ್ಕು ಹುಟ್ಟುತ್ತದೆ. ಮದುವೆಯಿಲ್ಲದ ಬಾಳಿನಲ್ಲಿ ಆ ಖಾತರಿಯಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 'ವಿವಾಹದ ಸ್ವರೂಪದ ಸಂಬಂಧ'ಕ್ಕೂ ರಕ್ಷಣೆ ಕೊಟ್ಟಿದೆ. ಇಬ್ಬರೂ ಮದುವೆಗೆ ಅರ್ಹರಾಗಿರಬೇಕು, ಗಣನೀಯ ಕಾಲ ಕೂಡಿ ಬಾಳಿರಬೇಕು, ಸಮಾಜದೆದುರು ದಂಪತಿಗಳಂತೆ ಗುರುತಿಸಿಕೊಂಡಿರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಷರತ್ತುಗಳನ್ನು ವಿಧಿಸಿತು. 2013ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ, ಪುರುಷ ವಿವಾಹಿತನೆಂದು ತಿಳಿದೂ ಹಲವು ವರ್ಷ ಅವನೊಡನೆ ಬಾಳಿದ ಮಹಿಳೆಗೆ ಈ ರಕ್ಷಣೆ ದೊರೆಯಲಿಲ್ಲ. ನಮ್ಮ ಉದಾಹರಣೆಯ ಮಹಿಳೆಯ ಕಡೂರಿನ ಸಂಗಾತಿ ವಿವಾಹಿತನಾಗಿದ್ದರೆ, ಹಳೆಯ ಆಸರೆ ತಪ್ಪಿ ಹೊಸದೂ ದಕ್ಕದ ಸ್ಥಿತಿ ಬಂದೀತು.

ಇತ್ತ ಮಾಜಿ ಪತಿಗೆ ಹೊಸ ಸಂಗಾತಿ ದೊರೆತರೆ ಅವನ ಹೊಣೆ ತಾನಾಗಿ ಇಳಿಯುವುದಿಲ್ಲ. ಆದಾಯ, ಅವಲಂಬಿತರ ಬದಲಾವಣೆಯನ್ನು ತೋರಿಸಿ ಮೊತ್ತದ ಪರಿಷ್ಕರಣೆ ಕೇಳಬಹುದಷ್ಟೆ.

ಮಾಡಬೇಕಾದುದೇನು?

ತರೀಕೆರೆಯ ಪತಿ ಮಾಡಿದ ಮೊದಲ ತಪ್ಪು ತಾನೇ ತೀರ್ಪುಗಾರನಾಗಿ ಹಣ ನಿಲ್ಲಿಸಿದ್ದು. ಆದೇಶ ರದ್ದಾಗುವವರೆಗೆ ಬಾಕಿ ಬೆಳೆಯುತ್ತಲೇ ಇರುತ್ತದೆ. ವಸೂಲಿ ವಾರಂಟಿನ ನಂತರವೂ ಪಾವತಿಸದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಕಾರಾಗೃಹವಾಸ ವಿಧಿಸಲು ಅವಕಾಶವಿದೆ. ಆದೇಶ ನೀಡಿದ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವುದೊಂದೇ ಸರಿಯಾದ ದಾರಿ. ಮಹಿಳೆಯೂ ಕೈಕಟ್ಟಿ ಕೂರುವಂತಿಲ್ಲ: ಬಾಕಿಗೆ ವಾರಂಟ್ ಕೋರುವ ಅರ್ಜಿಯನ್ನು ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಸಲ್ಲಿಸಬೇಕು.

ತೋಟದ ಆದಾಯ ಮುಚ್ಚಿಡುವುದೂ ಈಗ ಸುಲಭವಲ್ಲ. ಎರಡೂ ಪಕ್ಷದವರು ಆಸ್ತಿ ಮತ್ತು ಹೊಣೆಗಾರಿಕೆಯ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಆದೇಶಿಸಿದ್ದು, ಕೃಷಿಕರಿಗೆ ಪ್ರತ್ಯೇಕ ನಮೂನೆಯನ್ನೇ ರೂಪಿಸಿದೆ. ಪಹಣಿ, ಬೆಳೆ, ಸಾಲಗಳೆಲ್ಲ ಅಲ್ಲಿ ಬರಬೇಕು.

ರಾಜಿಯಿಂದ ಬೇರ್ಪಡುವವರು ಒಪ್ಪಂದಪತ್ರದಲ್ಲಿಯೇ ಮರುಮದುವೆ ಹಾಗೂ ಸಹಜೀವನದ ಬಗ್ಗೆ ಸ್ಪಷ್ಟ ಮಾತು ಬರೆಸುವುದು ಲೇಸು. ಒಂದೇ ಗಂಟಿನಲ್ಲಿ ಸಂದಾಯವಾದ ಮೊತ್ತವನ್ನು ಆಕೆ ಮುಂದೆ ಮತ್ತೊಬ್ಬರೊಡನೆ ಬಾಳಿದಳೆಂದು ಮರಳಿ ಕೇಳಲು ಸಾಮಾನ್ಯವಾಗಿ ಬರುವುದಿಲ್ಲ.

ಕೊನೆಯದಾಗಿ, ತಾಯಿಯ ಹೊಸ ಬಾಳಿಗೂ ಮಕ್ಕಳ ಜೀವನಾಂಶಕ್ಕೂ ಸಂಬಂಧವಿಲ್ಲ. ಮಕ್ಕಳ ಹಕ್ಕು ಅವರದೇ. ತಂದೆ ಅದನ್ನು ನಿಲ್ಲಿಸುವಂತಿಲ್ಲ. ವಕೀಲರ ಶುಲ್ಕ ಭರಿಸಲಾಗದೆಂದು ಯಾವ ಮಹಿಳೆಯೂ ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ, ಆದಾಯವೆಷ್ಟೇ ಇರಲಿ, ಮಹಿಳೆಯರು ಮತ್ತು ಮಕ್ಕಳು ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಟ್ಟರೆ ವಕೀಲರ ನೇಮಕವಾಗುತ್ತದೆ.