ಲೇಸರಿನ ಬಿಸಿಗೆ ಆವಿಯಾದ ಲೋಹ

ದೆಹಲಿಯ ಅರುಣಾ ಅಸಫ್ ಅಲಿ ಮಾರ್ಗದಲ್ಲಿರುವ ಅಂತರ-ವಿಶ್ವವಿದ್ಯಾಲಯ ವೇಗೋತ್ಕರ್ಷಕ ಕೇಂದ್ರವು 1984ರಲ್ಲಿ ಸ್ಥಾಪಿತವಾದುದು. ಅಲ್ಲಿಯ ಪೆಲೆಟ್ರಾನ್ ಯಂತ್ರಕ್ಕೆ ಬೇಕಾದ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳು, ಹುಟ್ಟುವುದು ಹೀಗೆ: ಸೀಸಿಯಂ ಕಣಗಳು ಬೇಕಾದ ವಸ್ತುವಿನ ತುಣುಕಿಗೆ ಬಡಿದು ಅದರ ಪರಮಾಣುಗಳನ್ನು ಕಿತ್ತೆಬ್ಬಿಸುತ್ತವೆ. ಪ್ರಯೋಗಗಳಿಗೆ ಆ ತೆಳುಧಾರೆ ಸಾಕು. ಭಾರವಾದ ಅಯಾನುಗಳಿಂದ ಹೈಡ್ರೊಜನ್ ಇಂಧನದ ಗುಳಿಗೆಯನ್ನು ಅದುಮಿ ಪರಮಾಣು ಬೀಜಗಳನ್ನು ಬೆಸೆಯಬೇಕೆನ್ನುವವರಿಗಾದರೋ ಕ್ಷಣಮಾತ್ರದಲ್ಲಿ ಪ್ರವಾಹವೇ ಬೇಕು.

ಇಂಥ ಪ್ರವಾಹಕ್ಕೆ ಲೇಸರ್ ಒಂದು ಮಾರ್ಗ. ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗಗಳಷ್ಟು ಕಾಲ ತೀಕ್ಷ್ಣವಾದ ಬೆಳಕು ಬಿದ್ದರೆ ಲೋಹದ ಮೇಲ್ಮೈ ಕರಗಿ, ಕುದಿದು, ಆವಿಯಾಗುತ್ತದೆ. ಆ ಆವಿಯೇ ಹಿಂದೆ ಬರುವ ಬೆಳಕನ್ನು ಹೀರಿ, ಎಲೆಕ್ಟ್ರಾನುಗಳನ್ನು ಕಳಚಿಕೊಂಡು, ಪ್ಲಾಸ್ಮಾ ಆಗಿ ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಹೊರಚಿಮ್ಮುತ್ತದೆ. ವಿಚಿತ್ರವೆಂದರೆ, ತಾನು ಹುಟ್ಟಿದ ಲೋಹಕ್ಕೇ ಬೆಳಕು ತಾಕದಂತೆ ಅದು ಮರೆಯೊಡ್ಡುವುದೂ ಉಂಟು. ಲೇಸರನ್ನು ಹೆಚ್ಚಿಸಿದಷ್ಟೂ ಅಯಾನು ಹೆಚ್ಚೀತೆಂಬ ಸರಳ ಲೆಕ್ಕ ಇಲ್ಲಿ ನಡೆಯದು.

ಆದುದರಿಂದಲೇ ಗಣಕಯಂತ್ರದ ನೆರವು. ಆವಿಯ ಮೋಡವನ್ನು ಸಾವಿರಾರು ಪುಟ್ಟ ಕೋಶಗಳಾಗಿ ಭಾಗಿಸಿ, ಒಂದೊಂದರಲ್ಲಿಯೂ ದ್ರವ್ಯ, ಚಲನೆ, ಶಕ್ತಿಗಳ ಜಮಾಖರ್ಚನ್ನು ಹೆಜ್ಜೆಹೆಜ್ಜೆಗೂ ಬರೆದಿಡಲಾಗುತ್ತದೆ. ಅಷ್ಟು ಬಿಸಿಯಲ್ಲಿ ಲೋಹದ ಗುಣಗಳು ನಿಖರವಾಗಿ ತಿಳಿಯವು. ಆದಕಾರಣ ಅಳೆದ ಅಯಾನು ಪ್ರವಾಹದೊಡನೆ ತಾಳೆನೋಡದ ಲೆಕ್ಕವನ್ನು ನಂಬಲಾಗದು.

2022ರ ಡಿಸೆಂಬರ್ 5ರಂದು ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 2.05 ಮೆಗಾಜೂಲ್ ಲೇಸರ್ ಬೆಳಕಿಗೆ ಇಂಧನದ ಗುಳಿಗೆಯೊಂದು 3.15 ಮೆಗಾಜೂಲ್ ಶಕ್ತಿಯನ್ನು ಹೊರಡಿಸಿತು. ಆ ಬೆಳಕನ್ನು ಪಡೆಯಲು ವ್ಯಯವಾದ ವಿದ್ಯುತ್ತಾದರೋ ಸುಮಾರು 300 ಮೆಗಾಜೂಲ್! ವೇಗೋತ್ಕರ್ಷಕಗಳು ವಿದ್ಯುತ್ತನ್ನು ಇದಕ್ಕಿಂತ ಮಿತವಾಗಿ ಬಳಸಬಲ್ಲವೆಂಬುದೇ ಅಯಾನು ಮಾರ್ಗದವರ ಆಸೆ. ಅದಕ್ಕೆ ದಟ್ಟವಾದ, ಚದುರದ ಅಯಾನುಧಾರೆಯು ಹುಟ್ಟುವ ಸ್ಥಳದಲ್ಲಿಯೇ ಕೈಗೆ ದೊರೆಯಬೇಕು.