ನಿಮಗಿದು ಗೊತ್ತೆ? ಹಾಡಿನಿಂದ ಎದ್ದ ಮಾಯಾಲೋಕ

ದೋಹಾದ ಅಲ್ ಮನ್ಸೂರಾದಲ್ಲಿ ಮೆಟ್ರೊದ ಹಸಿರು ಮಾರ್ಗ ಹಿಡಿದರೆ ರೈಲು ಬದಲಿಸದೆ ಕತಾರ್ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬಹುದು. ಇಯರ್‌ಫೋನ್ ಸಿಕ್ಕಿಸಿಕೊಂಡು ಹೊರಡುವ ಕನ್ನಡಿಗರು ದಾರಿಯಲ್ಲಿ ‘ಕಾಡು ಕುದುರೆ’ ಚಿತ್ರದ ಹಾಡು ಕೇಳಬೇಕು. ಸಾಹಿತ್ಯ, ಸಂಗೀತ, ಚಿತ್ರದ ನಿರ್ದೇಶನ ಮೂರೂ ಚಂದ್ರಶೇಖರ ಕಂಬಾರರದೇ. ಹಾಡಿದ ಶಿವಮೊಗ್ಗ ಸುಬ್ಬಣ್ಣ ಅವರಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು.

ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಕಂಬಾರರಿಗೆ ಬಯಲಾಟ, ಲಾವಣಿ, ಜನಪದ ಗೀತೆ ಎಂದರೆ ಪ್ರಾಣ. ಸ್ವತಃ ಸೊಗಸಾದ ಹಾಡುಗಾರರು. ಆ ಮಟ್ಟುಗಳ ನಡುವೆಯೇ ಅವರ ಕಲ್ಪನೆಯ ಊರು ಶಿವಾಪುರ ಬೆಳೆಯಿತು. ‘ಸಿರಿಸಂಪಿಗೆ’ ನಾಟಕವನ್ನೇ ನೋಡಿ: ರಾಜಕುಮಾರ ತನ್ನನ್ನು ಎರಡು ಹೋಳು ಮಾಡಿಸಿಕೊಳ್ಳುತ್ತಾನೆ, ಒಂದರಿಂದ ಸರ್ಪ ಹೊರಬರುತ್ತದೆ! ಬರೀ ಗದ್ಯದಲ್ಲಿ ಹೇಳಿದ್ದರೆ ನಂಬುವುದು ಕಷ್ಟ. ಬಯಲಾಟದ ಹಾಡಿನ ಗುಂಗಿನಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ಈ ಕೃತಿಗೆ 1991ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಜರ್ಮನಿಯ ಕತೆಗಾರ ಹಾಫ್‌ಮನ್ ಸಂಗೀತದ ಮೋಹದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಮೊತ್ಸಾರ್ಟ್ ಸಂಗೀತದ ಹುಚ್ಚಿಗೆ ತನ್ನ ಹೆಸರಿನ ‘ವಿಲ್‌ಹೆಲ್ಮ್’ ಕಿತ್ತುಹಾಕಿ ‘ಅಮಾಡಿಯಸ್’ ಸೇರಿಸಿಕೊಂಡ. ಅವನು 1816ರಲ್ಲಿ ಬರೆದ ನಟ್‌ಕ್ರ್ಯಾಕರ್ ಗೊಂಬೆಯ ಅದ್ಭುತ ಕತೆ 1892ರಲ್ಲಿ ಚೈಕೋವ್‌ಸ್ಕಿಯ ಸಂಗೀತದೊಂದಿಗೆ ಬ್ಯಾಲೆಯಾಗಿ ರಂಗಕ್ಕೆ ಬಂತು.